ಅಂಗೈಯ ಗಂಟು: ಬೆರಳು ಬಾಗುವುದಕ್ಕೆ ಮುಂಚೆ

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬುದು ನಮ್ಮವರ ಗಾದೆ. ಕಣ್ಣೆದುರಿಗೇ ಇರುವ ವಸ್ತುವನ್ನು ತೋರಿಸಿಕೊಡಲು ಬೇರೊಂದು ಸಾಧನ ಬೇಡವೆಂದು ಅದರ ತಾತ್ಪರ್ಯ. ಹುಣ್ಣಿನ ಮಟ್ಟಿಗೆ ಈ ಮಾತು ದಿಟವೇ ಸರಿ. ಹುಣ್ಣು ನೋಯುತ್ತದೆ, ನೋವು ತಾನಾಗಿಯೇ ನಮ್ಮ ಗಮನವನ್ನು ಸೆಳೆಯುತ್ತದೆ. ಆದರೆ ಅಂಗೈಯಲ್ಲಿ ಹುಣ್ಣಿನ ಬದಲು ನೋವಿಲ್ಲದ ಗಂಟೊಂದು ಮೂಡಿದರೆ? ದಿನವೂ ಅದನ್ನು ಕಾಣುತ್ತಿದ್ದು ಕಾಣದವರಂತೆಯೇ ವರ್ಷಗಳನ್ನು ಕಳೆಯುವವರುಂಟು. ಬೆರಳು ಬಾಗಿ, ಮತ್ತೆ ನೆಟ್ಟಗಾಗಲಾರದೆಂದು ತಿಳಿದ ಮೇಲೆಯೇ ಅವರು ವೈದ್ಯರನ್ನು ಹುಡುಕಿಕೊಂಡು ಹೊರಡುವುದು. ಅಷ್ಟು ಹೊತ್ತಿಗೆ, ಸೂಜಿಯ ಮೊನೆಯಿಂದ ಆಗಬಹುದಾಗಿದ್ದ ಕೆಲಸಕ್ಕೆ ಶಸ್ತ್ರವೈದ್ಯನ ಕತ್ತಿಯೇ ಬೇಕಾಗಿರುತ್ತದೆ. ಈ ವಿಳಂಬವು ತಪ್ಪಬೇಕು, ತಪ್ಪಿಸಲು ಸಾಧ್ಯವೂ ಇದೆ ಎಂಬುದು ನಮ್ಮ ಅಭಿಪ್ರಾಯ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಮಳೆಯನ್ನೇ ನೆಚ್ಚಿಕೊಂಡಿರುವ ಒಣಸೀಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಮುಂತಾದುವು ಅಲ್ಲಿನ ಬೆಳೆಗಳು. ಇವುಗಳಲ್ಲಿ ಯಾವುದನ್ನು ಬೆಳೆಯಬೇಕಾದರೂ ಕೈ ಸವೆಯಬೇಕು. ತೆನೆ ಮುರಿಯಬೇಕು, ಬಳ್ಳಿ ಕೀಳಬೇಕು, ಕುಡುಗೋಲನ್ನು ದಿನವಿಡೀ ಬಿಗಿಹಿಡಿಯಬೇಕು. ಅದೇ ಜಿಲ್ಲೆಯ ಚನ್ನಗಿರಿಯ ಕಡೆ ಅಡಕೆ ಸುಲಿಯುವ ಕೈಗಳು, ಹೊನ್ನಾಳಿ ನ್ಯಾಮತಿಗಳ ಕಡೆ ಭತ್ತದ ಗದ್ದೆಯ ಕೈಗಳು. ಇಂಥ ಕೈಗಳಲ್ಲಿ ಜಡ್ಡು ಕಟ್ಟಿರುವುದು ಸಹಜ. ದುಡಿದವನಿಗೆ ಅದೊಂದು ಅಭಿಮಾನದ ಗುರುತೂ ಹೌದು. ಆದುದರಿಂದಲೇ, ಉಂಗುರಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಟ್ಟಿಯಾದ ಗಂಟೊಂದು ಕೈಗೆ ತಗುಲಿದರೆ ‘ಜಡ್ಡು, ಬಿಡು’ ಎಂದು ಸುಮ್ಮನಾಗುವುದು ಬಹು ಸುಲಭ.

ಜಡ್ಡಿಗೂ ಗಂಟಿಗೂ ಇರುವ ಭೇದವನ್ನು ತಿಳಿಯಲು ಉಪಕರಣವೇನೂ ಬೇಡ. ಜಡ್ಡು ಚರ್ಮದ್ದೇ ಒಂದು ದಪ್ಪನೆಯ ಪದರ. ಉಜ್ಜಾಟದಿಂದ ಹುಟ್ಟುತ್ತದೆ, ಕೆಲವು ವಾರ ಕೆಲಸ ಬಿಟ್ಟರೆ ತೆಳುವಾಗುತ್ತದೆ. ಗಂಟಾದರೋ ಚರ್ಮದ ಕೆಳಗಿನದು. ಕೆಲಸ ಬಿಟ್ಟರೂ ಅದು ಹೋಗುವುದಿಲ್ಲ. ವಿದ್ಯಾರ್ಥಿಗಳು ಇಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಮುಂಗೈಯ ಹಿಂಬದಿಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದೆತ್ತಿರಿ, ಸಲೀಸಾಗಿ ಮೇಲೆ ಬರುತ್ತದೆ. ಅಂಗೈಯ ಚರ್ಮವನ್ನು ಹಾಗೆ ಎತ್ತಲು ಯತ್ನಿಸಿ, ಬರುವುದಿಲ್ಲ. ಏತಕ್ಕೆ? ಅಂಗೈಯ ಚರ್ಮದ ಕೆಳಗೆ ಬಲವಾದ ನಾರಿನ ಹಾಸೊಂದು ಮಣಿಕಟ್ಟಿನಿಂದ ಬೆರಳುಗಳ ಬುಡದವರೆಗೆ ಬೀಸಣಿಗೆಯಂತೆ ಹರಡಿಕೊಂಡು, ಚರ್ಮವನ್ನು ಕೆಳಕ್ಕೆ ಬಿಗಿದಿಟ್ಟಿದೆ. ಗುದ್ದಲಿಯ ಕಾವನ್ನು ಹಿಡಿದಾಗ ಅಂಗೈಯ ತೊಗಲು ಜಾರದಿರುವುದು ಈ ಹಾಸಿನ ಉಪಕಾರದಿಂದ. ಈ ಹಾಸಿನ ಅಡಿಯಲ್ಲಿ ಬೆರಳುಗಳನ್ನು ಮಡಿಸುವ ಹುರಿಗಳು ಓಡಾಡುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಇಂಥ ಹುರಿಗಳಿಗೆ ಕಂಡರಗಳೆಂದು ಹೆಸರು.

ನಾವು ಹೇಳಹೊರಟ ವ್ಯಾಧಿಯು ಕಂಡರದ್ದಲ್ಲ, ಮೇಲಿನ ಈ ಹಾಸಿನದು. ಮೊದಲು ಒಂದು ಗಂಟು. ಆಮೇಲೆ ಅದರ ಪಕ್ಕದಲ್ಲಿ ಚರ್ಮ ಒಳಕ್ಕೆ ಕುಗ್ಗಿ ಸಣ್ಣ ಗುಳಿ ಬೀಳಬಹುದು. ಕಾಲಕ್ರಮದಲ್ಲಿ ಗಂಟಿನಿಂದ ಬೆರಳಿನ ಕಡೆಗೆ ಹಗ್ಗದಂತಹ ಎಳೆಯೊಂದು ಬೆಳೆಯುತ್ತದೆ. ಎಳೆ ಕುಗ್ಗುತ್ತ ಬಂದಂತೆ ಬೆರಳು ಅಂಗೈಯ ಕಡೆಗೆ ಬಾಗುತ್ತದೆ. ಸಾಮಾನ್ಯವಾಗಿ ಉಂಗುರಬೆರಳು, ಕಿರುಬೆರಳು. ಇದಕ್ಕೆ ಪ್ಯಾರಿಸ್ಸಿನ ಶಸ್ತ್ರವೈದ್ಯ ಗೀಯೋಮ್ ಡ್ಯೂಪ್ವಿತ್ರನನ ಹೆಸರು ನಿಂತಿದೆ. ಅವನಿಗಿಂತ ಬಹಳ ಹಿಂದೆಯೇ, 1614ರಲ್ಲಿ, ಬಾಸೆಲ್ ನಗರದ ಫೆಲಿಕ್ಸ್ ಪ್ಲಾಟರನು ಎರಡು ಬೆರಳು ಹೀಗೆ ಬಾಗಿದ ಕಲ್ಲುಕುಟಿಗನೊಬ್ಬನ ವಿಷಯವನ್ನು ಬರೆದಿಟ್ಟಿದ್ದನು. ಆದರೆ ದೋಷವು ಕಂಡರದ್ದೆಂದು ಬಗೆದನು. 1777ರಲ್ಲಿ ಲಂಡನ್ನಿನ ಹೆನ್ರಿ ಕ್ಲೈನನು ಮೃತದೇಹದ ಕೈಯನ್ನು ಬಿಡಿಸಿ ನೋಡಿ ದೋಷವು ಹಾಸಿನದೆಂದು ಕಂಡುಕೊಂಡನು. ಡ್ಯೂಪ್ವಿತ್ರನನೂ ಸತ್ತವನೊಬ್ಬನ ಬಾಗಿದ ಕೈಯನ್ನು ಪರೀಕ್ಷಿಸಿದನು. ಚರ್ಮ ಬಿಡಿಸಿದನು, ಬೆರಳು ಹಾಗೆಯೇ ಬಾಗಿತ್ತು. ನಾರಿನ ಹಾಸನ್ನು ಕತ್ತರಿಸಿದನು, ಬೆರಳು ನೆಟ್ಟಗಾಯಿತು. ಕಂಡರಗಳು ನಿರ್ದೋಷಿಗಳು! 1831ರಲ್ಲಿ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಕೈಯ ಮೇಲೆ ಇದೇ ಶಸ್ತ್ರಕ್ರಿಯೆಯನ್ನು ಅವನು ನಡೆಸಿದನು. ಊಹೆಯನ್ನು ಬಿಟ್ಟು ಒಂದೊಂದೇ ಪದರವನ್ನು ಕೊಯ್ದು ನೋಡಿದ ಈ ಕ್ರಮವು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಹಾಸು ಏಕೆ ಕುಗ್ಗುತ್ತದೆ? ಇದರ ಉತ್ತರಕ್ಕೆ ಇನ್ನೂ ನೂರ ನಾಲ್ವತ್ತು ವರ್ಷ ಹಿಡಿಯಿತು. 1972ರಲ್ಲಿ ಗಾಬ್ಬಿಯಾನಿ ಮತ್ತು ಮಾಯ್ನೊ ಎಂಬ ವಿಜ್ಞಾನಿಗಳು ಗಂಟಿನ ಜೀವಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ನಾರನ್ನು ನೇಯುವ ಕೋಶಗಳು ಅಲ್ಲಿ ಅರೆಪಾಲು ಸ್ನಾಯುಕೋಶಗಳ ಗುಣವನ್ನು ತಾಳಿದ್ದುವು. ಎಂದರೆ, ನಾರನ್ನು ಹೊಸೆಯುವುದರ ಜೊತೆಗೆ ಅದನ್ನು ಎಳೆದು ಬಿಗಿಯುವ ಶಕ್ತಿಯೂ ಅವಕ್ಕಿತ್ತು. ಗಾಯ ಮಾಯುವಾಗ ಇಂಥ ಕೋಶಗಳು ಹುಟ್ಟಿ, ಗಾಯದ ಅಂಚುಗಳನ್ನು ಒಟ್ಟಿಗೆ ಸೆಳೆದು, ಕೆಲಸ ಮುಗಿದೊಡನೆ ಅಳಿದುಹೋಗುತ್ತವೆ. ಅಂಗೈಯ ಗಂಟಿನಲ್ಲಿಯಾದರೋ ಗಾಯವೇ ಇಲ್ಲದೆ ಮಾಯುವ ಕೆಲಸ ನಡೆದಿರುತ್ತದೆ! ಇಲ್ಲಿ ನೆನಪಿಡಬೇಕಾದ ಸಂಗತಿ ಒಂದುಂಟು. ಗಂಟಿನ ಅವಸ್ಥೆಯಲ್ಲಿ ಈ ಕೋಶಗಳು ದಟ್ಟವಾಗಿ ನೆರೆದು ಚಟುವಟಿಕೆಯಿಂದಿರುತ್ತವೆ. ಎಳೆಯು ಬಲಿತು ಬೆರಳು ಬಾಗಿದ ಮೇಲೆ ಅಲ್ಲಿ ಉಳಿಯುವುದು ಬಹುಮಟ್ಟಿಗೆ ಕೊಲ್ಲಾಜೆನ್ ಎಂಬ ಜಡವಾದ ನಾರು. ಔಷಧಿಯು ಜೀವವಿರುವ ಕೋಶಕ್ಕೆ ಬುದ್ಧಿ ಹೇಳಬಲ್ಲದು. ಹಗ್ಗಕ್ಕೆ ಏನು ಹೇಳೀತು?

ಮುಂಚಿತವಾಗಿಯೇ ಔಷಧಿ ಕೊಡಬೇಕೆಂಬ ವಾದಕ್ಕೆ ಇದೇ ಆಧಾರ. ಆ ಔಷಧಿಗಳ ಪೈಕಿ ಬಹುಕಾಲದಿಂದ ಬಳಕೆಯಲ್ಲಿರುವುದು ಸ್ಟೀರಾಯ್ಡ್. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ 1948ರ ಸೆಪ್ಟೆಂಬರಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ತರುಣಿಯೊಬ್ಬಳಿಗೆ ಕಾರ್ಟಿಸೋನ್ ಎಂಬ ದ್ರವ್ಯವನ್ನು ಚುಚ್ಚಿ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಎರಡೇ ವರ್ಷಗಳಲ್ಲಿ, 1950ರಲ್ಲಿ, ಹೆಂಚ್, ಕೆಂಡಲ್, ರೈಖ್‌ಸ್ಟೈನ್ ಈ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆಮೇಲೆ ಮಿತಿಮೀರಿ ಬಳಸಿದವರ ಮುಖ ಊದಿಕೊಂಡು, ಎಲುಬು ಸವೆದು, ಸಕ್ಕರೆ ಏರಿ, ಅದ್ಭುತ ಔಷಧಿಯ ಇನ್ನೊಂದು ಮುಖವೂ ಲೋಕಕ್ಕೆ ಗೋಚರವಾಯಿತು. ಅಂದಿನಿಂದ ವೈದ್ಯರು ಕಲಿತ ಜಾಣ್ಮೆಯೆಂದರೆ, ಸಾಧ್ಯವಿರುವೆಡೆಯಲ್ಲಿ ಇಡೀ ದೇಹಕ್ಕೆ ಉಣಿಸದೆ ರೋಗವಿರುವ ಸ್ಥಳಕ್ಕೇ ಅಲ್ಪ ಪ್ರಮಾಣದಲ್ಲಿ ಅದನ್ನು ಇಳಿಸುವುದು. ಅತಿಯಾಗಿ ಬೆಳೆದ ಗಾಯದ ಕಲೆಯನ್ನು ಮೆತ್ತಗೆ ಮಾಡಲು ಚರ್ಮವೈದ್ಯರು ಬಳಸುವ ಟ್ರೈಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನೇ ಕೈಯ ವೈದ್ಯರು ಅಂಗೈಯ ಗಂಟಿಗೂ ಚುಚ್ಚಿ ನೋಡಿದರು. ಅದು ನಾರು ನೇಯುವ ಕೋಶಗಳ ಬೆಳವಣಿಗೆಯನ್ನು ತಗ್ಗಿಸುತ್ತದೆ, ಹೊಸ ಕೊಲ್ಲಾಜೆನ್ ಕಟ್ಟುವುದನ್ನು ತಡೆಯುತ್ತದೆ.

ಫಲವೇನಾಯಿತು? ಕೆಚಮ್ ಮತ್ತು ಡೊನಹ್ಯೂ ಎಂಬ ಅಮೆರಿಕದ ವೈದ್ಯರು 2000ದಲ್ಲಿ, 63 ಮಂದಿಯ 75 ಕೈಗಳಲ್ಲಿ ಮಾಡಿದ ಚಿಕಿತ್ಸೆಯ ವರದಿಯನ್ನು ಪ್ರಕಟಿಸಿದರು. ಒಂದೊಂದು ಗಂಟಿಗೆ ಸರಾಸರಿ ಮೂರು ಸಲಕ್ಕಿಂತ ತುಸು ಹೆಚ್ಚಾಗಿ ಚುಚ್ಚಿದ ಮೇಲೆ, ಹೆಚ್ಚುಕಡಿಮೆ ಎಲ್ಲ ಕೈಗಳಲ್ಲಿಯೂ ಗಂಟುಗಳು ಮೆತ್ತಗಾದುವು ಇಲ್ಲವೆ ಚಪ್ಪಟೆಯಾದುವು. ಆದರೆ ಅರ್ಧದಷ್ಟು ಮಂದಿಯಲ್ಲಿ ಒಂದರಿಂದ ಮೂರು ವರ್ಷಗಳೊಳಗೆ ಗಂಟು ಮತ್ತೆ ತಲೆಯೆತ್ತಿತು, ಮತ್ತೆ ಚುಚ್ಚಬೇಕಾಯಿತು. ಈ ಎರಡನೆಯ ವಾಕ್ಯವನ್ನು ಮರೆತು ಮೊದಲನೆಯದನ್ನು ಮಾತ್ರ ಸಾರುವವರನ್ನು ನಂಬಬಾರದು. ಮೇಲಾಗಿ, ಔಷಧಿಯಿಲ್ಲದ ಬರಿಯ ಚುಚ್ಚನ್ನು ಪಡೆದ ಇನ್ನೊಂದು ತಂಡದೊಡನೆ ಹೋಲಿಸಿ ನೋಡಿದ ಪರೀಕ್ಷೆಯಲ್ಲ ಅದು. ಹೋಲಿಕೆಯಿಲ್ಲದ ಪರೀಕ್ಷೆಗೆ ಬೆಲೆ ಕಡಿಮೆಯೆಂದು ಪ್ರೌಢಶಾಲೆಯ ಹುಡುಗನೂ ಬಲ್ಲ. 2012ರಲ್ಲಿ ಕೆನಡಾದ ವೈದ್ಯರು ಹೋಲಿಕೆಯುಳ್ಳ ಒಂದು ಸಣ್ಣ ಪರೀಕ್ಷೆಯನ್ನು ನಡೆಸಿದರು. ಅದು ಬೆರಳು ಬಾಗಿದವರಲ್ಲಿ. ಸೂಜಿಯಿಂದ ಎಳೆಯನ್ನು ತುಂಡರಿಸಿದ ಮೇಲೆ ಸ್ಟೀರಾಯ್ಡನ್ನೂ ಪಡೆದವರ ಬೆರಳುಗಳು ಆರು ತಿಂಗಳ ಬಳಿಕ, ಅದನ್ನು ಪಡೆಯದವರ ಬೆರಳುಗಳಿಗಿಂತ ಹೆಚ್ಚು ನೆಟ್ಟಗಿದ್ದುವು. 2022ರಲ್ಲಿ ಆಕ್ಸ್‌ಫರ್ಡಿನ ಜಗದೀಪ್ ನಂಚಾಹಲ್ ಮತ್ತು ಸಂಗಡಿಗರು ಆಡಾಲಿಮುಮಾಬ್ ಎಂಬ ಬೇರೊಂದು ಔಷಧಿಯನ್ನು 140 ಮಂದಿಯಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ, ಎಳೆಯ ಗಂಟಿಗೆ ಅದನ್ನು ಚುಚ್ಚಿದರೆ ಗಡಸುತನವೂ ಗಾತ್ರವೂ ತಗ್ಗುವುದೆಂದು ತೋರಿಸಿದರು. ಆ ಔಷಧಿ ದುಬಾರಿಯದು. ಸ್ಟೀರಾಯ್ಡಾದರೋ ಸಣ್ಣ ಊರಿನ ಔಷಧಿಯಂಗಡಿಯಲ್ಲಿಯೂ ಅಗ್ಗವಾಗಿ ದೊರೆಯುವಂಥದು.

‘ಇದು ಪಾಶ್ಚಾತ್ಯರ ರೋಗ, ನಮಗೇಕೆ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರ ಯೂರೋಪಿನ ಮುದುಕರಲ್ಲಿ ಈ ರೋಗ ಹೆಚ್ಚು. ವಂಶವಾಹಿಗಳ ಪಾತ್ರವೂ ಹಿರಿದು. ನಮ್ಮಲ್ಲಿ ಅಷ್ಟು ತೀವ್ರವಾದ ಡ್ಯೂಪ್ವಿತ್ರನ್ ರೋಗ ಅಪರೂಪ. ಆದರೆ ಸಕ್ಕರೆ ಕಾಯಿಲೆಯುಳ್ಳವರ ಅಂಗೈಯಲ್ಲಿ ಇದೇ ಗಂಟುಗಳು ಮೂಡುತ್ತವೆ, ಬಹುಮಟ್ಟಿಗೆ ಸೌಮ್ಯರೂಪದಲ್ಲಿ, ಉಂಗುರಬೆರಳು ಮತ್ತು ನಡುಬೆರಳಿನ ಬುಡದಲ್ಲಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಗಣತಿಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಮಿಕ್ಕಿದ್ದಾರೆ. ರೋಗವು ಪೇಟೆಯವರ ಸೊತ್ತಾಗಿ ಉಳಿದಿಲ್ಲ; ಹಳ್ಳಿಗಳಿಗೂ ಬಂದಿದೆ.

ಸಕ್ಕರೆ ಕಾಯಿಲೆಯವರಲ್ಲಿಯೂ ಕೈದುಡಿಮೆಯವರಲ್ಲಿಯೂ ಇದಕ್ಕಿಂತ ಬಹಳ ಸಾಮಾನ್ಯವಾದ ಇನ್ನೊಂದು ಗಂಟು ಉಂಟು. ಅದು ಹಾಸಿನದಲ್ಲ, ಕಂಡರದ್ದೇ. 1850ರಲ್ಲಿ ಫ್ರಾನ್ಸಿನ ನೊಟ್ಟಾ ಎಂಬ ವೈದ್ಯನು ಇದನ್ನು ವಿವರಿಸಿದನು. ಬೆರಳಿನ ಬುಡದಲ್ಲಿ ಕಂಡರವು ಒಂದು ಬಳೆಯ ಮೂಲಕ ಹಾದುಹೋಗುತ್ತದೆ. ಬಳೆ ದಪ್ಪವಾಗಿ, ಕಂಡರದಲ್ಲಿ ಗಂಟು ಕಟ್ಟಿದರೆ, ನೂಲಿನ ಗಂಟು ಸೂಜಿಯ ಕಣ್ಣಿನಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಬೆಳಗ್ಗೆ ಎದ್ದಾಗ ಬೆರಳು ಮಡಿಸಿದಂತೆಯೇ ಕಚ್ಚಿಕೊಂಡಿರುತ್ತದೆ. ಇನ್ನೊಂದು ಕೈಯಿಂದ ಬಿಡಿಸಿದರೆ ‘ಟಕ್’ ಎಂದು ಬಿಡುತ್ತದೆ. ಬಂದೂಕದ ಕುದುರೆಯನ್ನು ಎಳೆದಂತೆ ತೋರುವುದರಿಂದ ವೈದ್ಯರು ಇದನ್ನು ಟ್ರಿಗರ್ ಬೆರಳು ಎನ್ನುತ್ತಾರೆ. ಇದರ ವಿಷಯದಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದಿನ ಉಪಯೋಗ ಬಹುಕಾಲದಿಂದ ಸಿದ್ಧವಾಗಿದೆ. ಒಂದೆರಡು ಚುಚ್ಚುಗಳಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಫಲ ಸ್ವಲ್ಪ ಕಡಿಮೆ. ತಿಂಗಳುಗಟ್ಟಲೆ ಬೆರಳು ಕಚ್ಚಿಕೊಂಡೇ ಇದ್ದು ಕೀಲು ಪೆಡಸಾಯಿತೆಂದರೆ ಈ ಸುಲಭಮಾರ್ಗವೂ ಮುಚ್ಚಿಹೋಗುವ ಸಂಭವವುಂಟು.

ಮೂರನೆಯದೊಂದನ್ನು ಹೇಳದೆ ಹೋದರೆ ನಮ್ಮ ನಾಡಿನ ಮಟ್ಟಿಗೆ ಮಾತು ಅಪೂರ್ಣ. ಉಂಗುರಬೆರಳು ಮತ್ತು ಕಿರುಬೆರಳು ಬಾಗಿದುದನ್ನು ಕಂಡರೆ ನಮ್ಮ ಜನರ ಮನಸ್ಸಿಗೆ ಮೊದಲು ಬರುವುದು ಕುಷ್ಠರೋಗ. ಅಲ್ಲಿ ಅಂಗೈಯಲ್ಲಿ ಗಂಟೂ ಇಲ್ಲ, ಎಳೆಯೂ ಇಲ್ಲ. ಮೊಣಕೈಯ ಹಿಂಬದಿಯ ನರ ಊದಿಕೊಂಡು, ಬೆರಳುಗಳಲ್ಲಿ ಸ್ಪರ್ಶಜ್ಞಾನ ಕುಂದಿ, ಸ್ನಾಯುಗಳು ಸೊರಗಿ ಬೆರಳು ಕೊಕ್ಕೆಯಾಗುತ್ತದೆ. ಅಲ್ಲಿಯೂ ಸ್ಟೀರಾಯ್ಡೇ ಆಪದ್ಬಂಧು, ಸೂಜಿಯಿಂದಲ್ಲ, ಗುಳಿಗೆಯಾಗಿ; ನರ ಸೋಲತೊಡಗಿದ ಮೊದಲ ಆರು ತಿಂಗಳೊಳಗೆ ಕೊಟ್ಟರೆ ಕೈ ಉಳಿಯುವ ಆಸೆ ಹೆಚ್ಚು. ತಡವಾದವರ ಕೈಗಳಿಗಾಗಿಯೇ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಅವರು 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಕಂಡರಗಳನ್ನು ಸ್ಥಳಾಂತರಿಸುವ ಶಸ್ತ್ರಕ್ರಿಯೆಯನ್ನು ರೂಢಿಸಿದರು. ಕುಷ್ಠದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗ ಪೂರ್ಣ ಗುಣವಾಗುತ್ತದೆ. ಆದರೂ ‘ನೋಡಿದವರು ಏನೆಂದಾರು’ ಎಂದು ಬಾಗಿದ ಬೆರಳನ್ನು ಸೆರಗಿನಲ್ಲಿ, ಟವಲಿನಲ್ಲಿ ಮುಚ್ಚಿಕೊಳ್ಳುವವರು ಈಗಲೂ ಇದ್ದಾರೆ. ಈ ಅಂಜಿಕೆ ಎರಡು ಬಗೆಯಲ್ಲಿ ಅನರ್ಥಕಾರಿ. ಕುಷ್ಠವಾಗಿದ್ದರೆ ನರವನ್ನು ಉಳಿಸುವ ಕಾಲ ಕಳೆದುಹೋಗುತ್ತದೆ. ಕುಷ್ಠವಲ್ಲದಿದ್ದರೆ, ಇಲ್ಲದ ಕಳಂಕಕ್ಕಾಗಿ ಬೆರಳು ಹೋಗುತ್ತದೆ.

ಬೆರಳು ಹೋದರೆ ಏನು ಹೋದಂತೆ? ಪಾಶ್ಚಾತ್ಯ ಗ್ರಂಥಗಳಲ್ಲಿ, ಕೈಚೀಲ ತೊಡಲಾಗದು, ಜೇಬಿಗೆ ಕೈ ಹಾಕಲಾಗದು ಎಂದು ಬರೆದಿರುತ್ತದೆ. ಜಗಳೂರು ಸೀಮೆಯ ಹೆಣ್ಣುಮಗಳಿಗೆ ಇವೆರಡೂ ಮುಖ್ಯವಲ್ಲ. ಜೋಳದ ರೊಟ್ಟಿಯನ್ನು ತಟ್ಟಲು ಅಂಗೈ ಚಪ್ಪಟೆಯಾಗಿ ಬಿಚ್ಚಿಕೊಳ್ಳಬೇಕು. ಎರಡು ಬೆರಳು ಒಳಕ್ಕೆ ಬಾಗಿದ ಕೈ ರೊಟ್ಟಿಯನ್ನು ತಟ್ಟುವುದಿಲ್ಲ, ಹರಿಯುತ್ತದೆ. ಕುಡುಗೋಲಿನ ಹಿಡಿ ಒಳಗೆ ಹೋಗುವುದಿಲ್ಲ. ಹಸುವಿನ ಕೆಚ್ಚಲಿಗೆ ಕೈ ಹಾಕಿದರೆ ಅದು ಒದೆಯುತ್ತದೆ. ಕೂಲಿಯ ಮೇಲೆ ಬದುಕುವವರಿಗೆ ಇದು ಅಂದಚೆಂದದ ಪ್ರಶ್ನೆಯಲ್ಲ.

ನಮ್ಮ ವಾದಕ್ಕೆ ಎದುರಾಗಿ ಕೆಲವು ಅನುಭವಸ್ಥ ವೈದ್ಯರೇ ಹೇಳುವ ಮಾತೊಂದಿದೆ: ಎಷ್ಟೋ ಗಂಟುಗಳು ವರ್ಷಾನುಗಟ್ಟಲೆ ಹಾಗೆಯೇ ಇರುತ್ತವೆ, ಬೆರಳು ಬಾಗುವುದೇ ಇಲ್ಲ, ಎಲ್ಲರಿಗೂ ಸೂಜಿ ಚುಚ್ಚುವುದು ಅನಗತ್ಯ. ಈ ಮಾತು ಸತ್ಯ, ನಾವು ಒಪ್ಪುತ್ತೇವೆ. ಹಾಸಿನ ಗಂಟು ಕಂಡವರಿಗೆಲ್ಲ ಸ್ಟೀರಾಯ್ಡ್ ಕೊಡಿರೆಂದು ನಾವು ಹೇಳುತ್ತಿಲ್ಲ. ಹೊಸದಾಗಿ ಹುಟ್ಟಿದ್ದು, ಒತ್ತಿದರೆ ನೋಯುವಂಥದ್ದು, ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿರುವುದು, ಇಂಥವಕ್ಕೆ ಕೊಡುವ ವಿಚಾರ ಮಾಡಬಹುದು. ಉಳಿದುದನ್ನು ಅಳೆದು ಬರೆದಿಟ್ಟು ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಆದರೆ ಚುಚ್ಚಬೇಕೆ ಬೇಡವೆ ಎಂಬ ಚರ್ಚೆ ನಡೆಯಬೇಕಾದರೂ ಬೆರಳು ನೆಟ್ಟಗಿರುವಾಗಲೇ ಗಂಟು ವೈದ್ಯರ ಕಣ್ಣಿಗೆ ಬೀಳಬೇಕಷ್ಟೆ? ಬೆರಳಿನ ನಡುಕೀಲು ಒಮ್ಮೆ ಬಾಗಿ ಬಹುಕಾಲವಾಯಿತೆಂದರೆ ಕೀಲೇ ಪೆಡಸಾಗುತ್ತದೆ. ಆಮೇಲೆ ಎಳೆಯನ್ನು ಕೊಯ್ದು ತೆಗೆದರೂ ಬೆರಳು ಪೂರ್ತಿಯಾಗಿ ಬಿಚ್ಚಿಕೊಳ್ಳುವ ಭರವಸೆಯಿಲ್ಲ. ಕೊಯ್ದುದು ಮತ್ತೆ ಬೆಳೆಯುವುದೂ ಉಂಟು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿದರೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇನ್ನೊಂದು ಕಡೆಯಿಂದಲೂ ಎಚ್ಚರಿಕೆ ಬೇಕು. ನಮ್ಮ ಹಳ್ಳಿಗಳಲ್ಲಿ ಸೂಜಿಯ ಮೇಲೆ ವಿಪರೀತ ನಂಬಿಕೆ. ಜ್ವರಕ್ಕೂ ಸೂಜಿ, ಸುಸ್ತಿಗೂ ಸೂಜಿ. ಓದಿಕೊಳ್ಳದೆ ವೈದ್ಯರಾದವರ ಕೈಯಲ್ಲಿ ಸ್ಟೀರಾಯ್ಡ್ ಸೇರಿದರೆ ಆಗುವ ಕೇಡು ಸಣ್ಣದಲ್ಲ. ಸೂಜಿಯ ಮೊನೆ ಗಂಟನ್ನು ಬಿಟ್ಟು ಕಂಡರದೊಳಕ್ಕೆ ಹೋದರೆ ಕಂಡರ ಬಲಗುಂದಿ ಹರಿಯಬಹುದು. ಚರ್ಮಕ್ಕೆ ತೀರ ಹತ್ತಿರ ಬಿದ್ದರೆ ಅಲ್ಲಿ ಚರ್ಮ ತೆಳುವಾಗಿ ಬೆಳ್ಳಗಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಚುಚ್ಚಿದ ಬಳಿಕ ಕೆಲವು ದಿನ ಸಕ್ಕರೆ ಏರುವುದುಂಟು. ಅವರಿಗೆ ಇದನ್ನು ಮೊದಲೇ ತಿಳಿಸಿ, ಆ ದಿನಗಳಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ಇದು ಎಲುಬು ಕೀಲುಗಳ ವೈದ್ಯರೋ ಕೈಯ ಶಸ್ತ್ರಕ್ರಿಯೆ ಬಲ್ಲವರೋ ಮಾಡತಕ್ಕ ಕೆಲಸ. ದಾವಣಗೆರೆಯಲ್ಲಿ 1965ರಿಂದಲೂ ವೈದ್ಯಕೀಯ ಕಾಲೇಜಿದೆ. ಸೊಕ್ಕೆಯವರು ಬೆಂಗಳೂರಿಗೆ ಹೋಗಬೇಕಾದ ಪ್ರಮೇಯವಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸುತ್ತಾರೆ. ಸಕ್ಕರೆ ಇದ್ದವರ ಕಣ್ಣನ್ನೂ ಪಾದವನ್ನೂ ನೋಡಬೇಕೆಂಬ ತಿಳಿವಳಿಕೆ ಈಗ ಬಂದಿದೆ. ಅದರೊಡನೆ ಅಂಗೈಯನ್ನೂ ನೋಡಲಿ ಎಂಬುದು ನಮ್ಮ ಸಲಹೆ. ಆಸ್ಟ್ರೇಲಿಯದ ಶಸ್ತ್ರವೈದ್ಯ ಹ್ಯೂಸ್ಟನ್ ಹೇಳಿಕೊಟ್ಟ ಪರೀಕ್ಷೆ ಒಂದಿದೆ: ಅಂಗೈಯನ್ನು ಕೆಳಮುಖವಾಗಿ ಮೇಜಿನ ಮೇಲೆ ಊರಿಸುವುದು. ಅಂಗೈಯೂ ಬೆರಳುಗಳೂ ಮೇಜಿಗೆ ಅಂಟಿದರೆ ಸರಿ. ಅಂಟದೆ ಕೆಳಗೆ ಸಂದು ಉಳಿದರೆ ಬೆರಳು ಬಾಗತೊಡಗಿದೆಯೆಂದು ಅರ್ಥ. ನಾವಾದರೋ ಅಲ್ಲಿಯವರೆಗೂ ಕಾಯಬಾರದೆನ್ನುತ್ತೇವೆ. ಮೇಜಿನಿಂದ ಕೈ ಎತ್ತಿಸಿ, ಅಂಗೈಯ ಮೇಲೆ ಹೆಬ್ಬೆರಳನ್ನು ಒತ್ತಿ ಒಮ್ಮೆ ಸವರಿ ನೋಡಲಿ. ಎರಡೂ ಸೇರಿ ಅರ್ಧ ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ. ನಮ್ಮ ವಿದ್ಯಾರ್ಥಿ ವಾಚಕರೂ ತಮ್ಮ ಮನೆಯ ಅಜ್ಜ ಅಜ್ಜಿಯರ, ಸಕ್ಕರೆ ಕಾಯಿಲೆಯ ಮಾವ ಅತ್ತೆಯರ ಕೈಯನ್ನು ಹೀಗೆ ನೋಡಬಹುದು. ರೋಗನಿರ್ಣಯ ಮಾಡಲು ಹೊರಡಬೇಡಿ, ಅದು ವೈದ್ಯರಿಗಿರಲಿ. ಗಂಟು ಯಾವ ಬೆರಳಿನ ಬುಡದಲ್ಲಿದೆ, ಬೆಳಗ್ಗೆ ಬೆರಳು ಕಚ್ಚಿಕೊಳ್ಳುತ್ತದೆಯೆ, ಚುಚ್ಚಿದರೆ ಅರಿವಾಗುತ್ತದೆಯೆ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಅವರೊಡನೆ ಆಸ್ಪತ್ರೆಗೆ ಕಳುಹಿಸಿಕೊಟ್ಟರೆ ವೈದ್ಯರಿಗೂ ಅನುಕೂಲ.

ಇಂಥ ಪರೀಕ್ಷೆಗೆ ಕಾಲವನ್ನೂ ನೋಡಿ ಆರಿಸಬೇಕು. ದಸರಾ ದೀಪಾವಳಿಗಳ ಸುಮಾರಿನಲ್ಲಿ ಮೆಕ್ಕೆಜೋಳದ ತೆನೆ ಮುರಿಯುವ ಅವಸರವಿರುವಾಗ, ಆಸ್ಪತ್ರೆಗೆ ಬಾ ಎಂದರೆ ಸೊಕ್ಕೆಯ ರೈತ ಬಾರನು; ಚುಚ್ಚಿಸಿಕೊಂಡ ಕೈಗೆ ನಾಲ್ಕು ದಿನ ಬಿಡುವು ಕೊಡು ಎಂದರೆ ಕೊಡಲಾರನು. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಮಳೆಯಾಶ್ರಿತ ಹೊಲಗಳು ಬರಿದಾಗಿರುತ್ತವೆ. ಆಗ ಶಿಬಿರ ನಡೆದರೆ, ಮುಂಗಾರಿಗೆ ಎಡೆಕುಂಟೆ ಹಿಡಿಯುವ ಹೊತ್ತಿಗೆ ಕೈ ಸಿದ್ಧವಾಗಿರುತ್ತದೆ.